ಹೊಳಪಿನ ಬೆಲೆ

ಹೊಸ ಕಾರಿನ ಮೈ ಕನ್ನಡಿಯನ್ನು ನಾಚಿಸುವಂತೆ ಹೊಳೆಯುತ್ತದೆ. ಎರಡು ಮೂರು ವರ್ಷ ಬಿಸಿಲು, ಧೂಳು ಮತ್ತು ಒರೆಸುವ ಬಟ್ಟೆಗಳ ಸಹವಾಸ ಮಾಡಿದ ಮೇಲೆ ಅದೇ ಮೈ ಮಂಕಾಗುತ್ತದೆ. ಆಗ ಅದರ ಒಡೆಯರು ಕಾರನ್ನು ಗ್ಯಾರೇಜಿಗೆ ಒಯ್ದು, "ಸ್ವಲ್ಪ ಪಾಲಿಷ್ ಹಚ್ಚಿ ಕೊಡಿ" ಎನ್ನುತ್ತಾರೆ. 'ಹಚ್ಚು' ಎಂಬ ಈ ಒಂದು ಮಾತಿನಲ್ಲಿಯೇ ನಮ್ಮ ತಪ್ಪು ತಿಳಿವಳಿಕೆಯೆಲ್ಲ ಅಡಗಿದೆ. ತಲೆಗೆ ಎಣ್ಣೆ ಹಚ್ಚುತ್ತೇವೆ, ಗಾಯಕ್ಕೆ ಮುಲಾಮು ಹಚ್ಚುತ್ತೇವೆ; ಅಲ್ಲಿ ಇಲ್ಲದ ವಸ್ತುವೊಂದು ಬಂದು ಕೂಡಿಕೊಳ್ಳುತ್ತದೆ. ಪಾಲಿಷ್ ಮಾಡುವ ಕೆಲಸದಲ್ಲಿ ಕೂಡುವುದು ಏನೂ ಇಲ್ಲ. ಕಾರಿನ ಮೈಯಿಂದ ಒಂದಿಷ್ಟನ್ನು ಹೆರೆದು ತೆಗೆಯುವುದೇ ಅದರ ಸ್ವರೂಪ. ಹಾಗೆ ತೆಗೆದದ್ದು ಮತ್ತೆ ಬಾರದು.

ಇಂದು ಈ ಕೆಲಸ ಬಹುಮಟ್ಟಿಗೆ ಯಂತ್ರದಿಂದ ನಡೆಯುತ್ತದೆ. ಯಂತ್ರ ಬಂದುದು ಒಳ್ಳೆಯದೇ ಆಯಿತೆಂದು ನಾನು ಬಲ್ಲೆ. ಆದರೆ ಅದರ ದಕ್ಷತೆಯನ್ನು ಅಳೆಯಲು ನಾವು ಹಿಡಿದಿರುವ ಅಳತೆಗೋಲು ಸರಿಯಾದುದಲ್ಲ. ಕೆಲಸ ಎಷ್ಟು ಬೇಗ ಮುಗಿಯಿತು, ಹೊಳಪು ಎಷ್ಟು ಬಂತು ಎಂಬ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಆ ಹೊಳಪಿಗಾಗಿ ಎಷ್ಟು ಪದರ ಖರ್ಚಾಯಿತು ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರೇ ವಿರಳ. ಈ ಮೂರನೆಯ ಪ್ರಶ್ನೆಯೇ ಮೊದಲನೆಯದಾಗಬೇಕೆಂಬುದು ನನ್ನ ಅಭಿಪ್ರಾಯ. ಕಾರು ಇಲ್ಲದ ವಿದ್ಯಾರ್ಥಿಗೆ ಇದರಿಂದೇನೆಂದು ಕೇಳಬಹುದು. ನೀವು ಭೌತಶಾಸ್ತ್ರದ ತರಗತಿಯಲ್ಲಿ ಕಲಿಯುವ ಘರ್ಷಣೆ, ಒತ್ತಡ, ವೃತ್ತಚಲನೆ, ಬೆಳಕಿನ ಪ್ರತಿಫಲನ ಇವೆಲ್ಲವೂ ಈ ಸಣ್ಣ ಕಸುಬಿನಲ್ಲಿ ಒಟ್ಟಿಗೆ ಕಾಣಸಿಗುತ್ತವೆ. ಆದುದರಿಂದ ಕಾರಿಲ್ಲದವರೂ ಇದನ್ನು ಓದಬಹುದು.

ಮೊದಲು ಕಾರಿನ ಮೈಯ ರಚನೆಯನ್ನು ನೋಡೋಣ. ಉಕ್ಕಿನ ತಗಡಿಗೆ ಮೊದಲು ಫಾಸ್ಫೇಟಿನ ಸಂಸ್ಕಾರವಾಗುತ್ತದೆ. ಬಳಿಕ ಇಡೀ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ, ತುಕ್ಕನ್ನು ತಡೆಯುವ ಪದರವೊಂದನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಈ ಕೊನೆಯದನ್ನು ಕಸುಬಿನವರು ಕ್ಲಿಯರ್ ಕೋಟ್ ಎಂದು ಕರೆಯುತ್ತಾರೆ. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಿಮ್ಮ ನೋಟುಪುಸ್ತಕದ ಒಂದು ಹಾಳೆ ಹೆಚ್ಚುಕಡಮೆ ೧೦೦ ಮೈಕ್ರಾನ್ ದಪ್ಪವಿರುತ್ತದೆ. ಕ್ಲಿಯರ್ ಕೋಟ್ ಒಂದರ ದಪ್ಪ ೩೫ರಿಂದ ೫೦ ಮೈಕ್ರಾನ್, ಅಂದರೆ ಆ ಹಾಳೆಯ ಅರ್ಧಕ್ಕಿಂತ ಹೆಚ್ಚಿಲ್ಲ. ಪಾಲಿಷ್ ಮಾಡುವಾಗ ಸವೆಯುವುದು ಈ ಪದರವೇ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಸಾಧಾರಣ ಕಾರೊಂದರ ಬಣ್ಣದ ಮೈ ೧೦ ಚದರ ಮೀಟರು ಎಂದಿಟ್ಟುಕೊಳ್ಳೋಣ. ಕ್ಲಿಯರ್ ಕೋಟಿನ ದಪ್ಪ ೪೦ ಮೈಕ್ರಾನ್ ಇರಲಿ. ಎರಡನ್ನೂ ಗುಣಿಸಿದರೆ ೪೦೦ ಘನ ಸೆಂಟಿಮೀಟರು ಬರುತ್ತದೆ. ಕಾರಿನ ಸೌಂದರ್ಯವನ್ನೆಲ್ಲ ಹೊತ್ತು, ಮಳೆ ಬಿಸಿಲುಗಳಿಂದ ಬಣ್ಣವನ್ನು ಕಾಯುತ್ತಿರುವ ಪದರವನ್ನು ಒಟ್ಟುಗೂಡಿಸಿದರೆ ಅರ್ಧ ಲೀಟರಿನ ಪಾತ್ರೆಯೂ ತುಂಬುವುದಿಲ್ಲ. ಕಾರು ಕಾರ್ಖಾನೆಯಿಂದ ಹೊರಬೀಳುವಾಗ ಅದಕ್ಕೆ ಕೊಟ್ಟ ಮೂಲಧನ ಇಷ್ಟೇ. ಇದಕ್ಕೆ ಬಡ್ಡಿ ಬೆಳೆಯುವುದಿಲ್ಲ, ತೆಗೆದಷ್ಟೂ ಕರಗುತ್ತದೆ.

ಈ ಪದರದಲ್ಲಿ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಪದರ ತೀರ ತೆಳುವಾದರೆ ಕಿರಣಗಳು ಕೆಳಗಿನ ಬಣ್ಣವನ್ನು ಮುಟ್ಟುತ್ತವೆ. ಕೆಲವು ಕಾರುಗಳ ಮಾಡು ಮತ್ತು ಬಾನೆಟ್ ಬೆಳ್ಳಗೆ ಹೊಪ್ಪಳೆ ಎದ್ದು ಸಿಪ್ಪೆಯಂತೆ ಸುಲಿಯುವುದನ್ನು ನೀವು ಕಂಡಿರಬಹುದು. ಕ್ಲಿಯರ್ ಕೋಟ್ ಸತ್ತುಹೋದುದರ ಗುರುತು ಅದು. ಆ ಸ್ಥಿತಿಗೆ ಯಾವ ಪಾಲಿಷಿನಿಂದಲೂ ಪರಿಹಾರವಿಲ್ಲ. ಹೊಸದಾಗಿ ಬಣ್ಣ ಹೊಡೆಸುವುದೊಂದೇ ದಾರಿ. ೧೯೮೦ರ ದಶಕದಲ್ಲಿ ಈ ಪಾರದರ್ಶಕ ಪದರ ಬಳಕೆಗೆ ಹೆಚ್ಚಾಗಿ ಬರುವುದಕ್ಕೆ ಮೊದಲು ಬಹುಪಾಲು ಕಾರುಗಳಿಗೆ ಬಣ್ಣವೇ ಕೊನೆಯ ಪದರವಾಗಿತ್ತು. ಆಗ ಉಜ್ಜಿದರೆ ಬಟ್ಟೆಗೆ ಕೆಂಪೋ ನೀಲಿಯೋ ಹತ್ತುತ್ತಿತ್ತು. ಪದರ ಸವೆಯುತ್ತಿರುವುದು ಎದುರಿಗೇ ಕಾಣುತ್ತಿದ್ದುದರಿಂದ ಕೈ ತಾನಾಗಿ ಹಗುರವಾಗುತ್ತಿತ್ತು. ಈಗ ಸವೆಯುವ ವಸ್ತುವಿಗೆ ಬಣ್ಣವಿಲ್ಲ. ನಷ್ಟ ಕಣ್ಣಿಗೆ ಬೀಳದ್ದರಿಂದ ಅದು ನಷ್ಟವೆಂದೇ ನಮಗೆ ತೋರುವುದಿಲ್ಲ.

ಹೊಳಪು ಎಂದರೇನು? ಮೇಲ್ಮೈ ನಯವಾಗಿದ್ದರೆ ಅದರ ಮೇಲೆ ಬಿದ್ದ ಬೆಳಕಿನ ಕಿರಣಗಳು ಒಂದೇ ಶಿಸ್ತಿನಲ್ಲಿ ಹಿಂದಿರುಗುತ್ತವೆ; ಪ್ರತಿಬಿಂಬ ಸ್ಪಷ್ಟವಾಗಿ ಮೂಡುತ್ತದೆ. ಗೀರುಗಳಿದ್ದರೆ ಕಿರಣಗಳು ದಿಕ್ಕು ತಪ್ಪಿ ಚೆದರುತ್ತವೆ; ಮೈ ಮಂಕಾಗಿ ತೋರುತ್ತದೆ. ಕಪ್ಪು ಕಾರಿನಲ್ಲಿ ಚೆದರಿದ ಬೆಳಕಿಗೆ ಕಪ್ಪು ಹಿನ್ನೆಲೆ ಸಿಗುವುದರಿಂದ ಗೀರುಗಳು ಎದ್ದು ಕಾಣುತ್ತವೆ. ಬಿಳಿಯ ಕಾರಿನಲ್ಲಿ ಅವು ಅಡಗಿಕೊಳ್ಳುತ್ತವೆ. ದೀಪದ ಕೆಳಗೆ ಹಳೆಯ ಕಾರನ್ನು ನೋಡಿದರೆ ದೀಪದ ಪ್ರತಿಬಿಂಬದ ಸುತ್ತ ಜೇಡನ ಬಲೆಯಂತೆ ವೃತ್ತಾಕಾರದ ಗೀರುಗಳು ಕಾಣುತ್ತವೆ. ಯಾರೋ ಸುತ್ತಿ ಸುತ್ತಿ ಉಜ್ಜಿದ್ದಾರೆಂದು ನಾವು ಭಾವಿಸುತ್ತೇವೆ. ಅದು ಬಹಳ ಮಟ್ಟಿಗೆ ಕಣ್ಣಿನ ಭ್ರಮೆ. ಗೀರುಗಳು ಎಲ್ಲ ದಿಕ್ಕಿನಲ್ಲಿಯೂ ಇರುತ್ತವೆ. ಅವುಗಳಲ್ಲಿ ದೀಪದ ಸುತ್ತಣ ವೃತ್ತಕ್ಕೆ ಹೊಂದಿಕೊಂಡು ಮಲಗಿದವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ. ಬಹುಕಾಲ ಬೆಳಗಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ಅತ್ತಿತ್ತ ಸರಿಸಿ ನೋಡಿ. ಪ್ರತಿಬಿಂಬ ಸರಿದಂತೆ ವೃತ್ತಗಳೂ ಅದರೊಡನೆ ಸರಿಯುತ್ತವೆ. ತಟ್ಟೆಯ ಮೇಲೆ ನಿಜವಾಗಿ ಕೊರೆದ ವೃತ್ತಗಳಾಗಿದ್ದರೆ ಅವು ಹೀಗೆ ಚಲಿಸುತ್ತಿದ್ದವೆ?

ಗೀರು ಮಾಯವಾಗುವುದು ಹೇಗೆ ಎಂಬ ಪ್ರಶ್ನೆಯನ್ನು ದೊಡ್ಡ ವಿಜ್ಞಾನಿಗಳು ಆಲೋಚಿಸಿದ್ದಾರೆ. ೧೭೦೪ರಲ್ಲಿ ಪ್ರಕಟವಾದ ತಮ್ಮ ದೃಗ್ವಿಜ್ಞಾನದ ಗ್ರಂಥದಲ್ಲಿ ನ್ಯೂಟನ್ ಅವರು, ಗಾಜನ್ನು ಉಜ್ಜಿದಾಗ ದೊಡ್ಡ ಗೀರುಗಳು ಹೋಗಿ ಅವುಗಳ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಉಳಿಯುತ್ತವೆ ಎಂಬ ಅಭಿಪ್ರಾಯ ಕೊಟ್ಟರು. ರೇಲೀ ಪ್ರಭುಗಳು ೧೯೦೧ರಲ್ಲಿ ಪ್ರಕಟಿಸಿದ ಉಪನ್ಯಾಸವೊಂದರ ವಿಷಯವೇ ಪಾಲಿಷ್. ಜಾರ್ಜ್ ಬೈಲ್ಬಿಯವರು ೧೯೨೧ರ ಗ್ರಂಥದಲ್ಲಿ, ಲೋಹವನ್ನು ಉಜ್ಜಿದಾಗ ಅದರ ಮೇಲ್ಮೈ ದ್ರವದಂತೆ ಹರಿದು ಹಳ್ಳಗಳನ್ನು ಮುಚ್ಚುತ್ತದೆ ಎಂದು ವಾದಿಸಿದರು. ಬೌಡನ್ ಮತ್ತು ಹ್ಯೂಸ್ ೧೯೩೭ರಲ್ಲಿ ಘರ್ಷಣೆಯ ಉಷ್ಣಕ್ಕೂ ಕರಗುವ ಬಿಂದುವಿಗೂ ಇದರಲ್ಲಿರುವ ಪಾತ್ರವನ್ನು ತೋರಿಸಿದರು. ಲೋಹಗಳ ವಿಚಾರ ಹೇಗೇ ಇರಲಿ, ಸಾಮಾನ್ಯ ಕಾರಿನ ಕ್ಲಿಯರ್ ಕೋಟ್ ಅಣುಗಳು ಬಲೆಯಂತೆ ಹೆಣೆದುಕೊಂಡ ರಾಳ. ಅದನ್ನು ಕಾಯಿಸಿ ಹರಿಸಿ ಹಳ್ಳ ತುಂಬಲು ಬಾರದು. ಇಲ್ಲಿ ನ್ಯೂಟನ್ನರ ಚಿತ್ರವೇ ನಮಗೆ ಹೆಚ್ಚು ಉಪಯುಕ್ತ.

ಈ ಚಿತ್ರದಿಂದ ಹೊರಡುವ ತೀರ್ಮಾನ ಮಹತ್ವದ್ದು. ಗೀರೆಂಬುದು ಒಂದು ಹಳ್ಳ. ಹಳ್ಳವನ್ನು ಇಲ್ಲವಾಗಿಸಲು ಎರಡೇ ಉಪಾಯ: ಅದನ್ನು ತುಂಬಬೇಕು, ಇಲ್ಲವೇ ಸುತ್ತಣ ನೆಲವನ್ನು ಹಳ್ಳದ ತಳದವರೆಗೆ ಇಳಿಸಬೇಕು. ಪಾಲಿಷ್ ಮಾಡುವುದು ಎರಡನೆಯದನ್ನು. ಎರಡು ಮೈಕ್ರಾನ್ ಆಳದ ಗೀರು ಹೋಗಬೇಕಾದರೆ ಅದರ ಸುತ್ತಣ ಪ್ರದೇಶವೆಲ್ಲ ಎರಡು ಮೈಕ್ರಾನ್ ಇಳಿಯಬೇಕು. ತೊಳೆಯುವಾಗ ಆದ ನವಿರು ಗೀರುಗಳಿಗಾಗಿ ಇಷ್ಟು ಬೆಲೆ ತೆರಬಹುದು. ಉಗುರು ಆಡಿಸಿದರೆ ತಡೆಯುವಷ್ಟು ಆಳದ ಗೀರಿಗೆ ತೆರುವ ಬೆಲೆ ಪದರದ ದೊಡ್ಡ ಪಾಲಾಗುತ್ತದೆ. ಅಂತಹ ಗೀರಿನ ಅಂಚನ್ನು ದುಂಡಾಗಿಸಿ, ಕಣ್ಣಿಗೆ ಮೃದುವಾಗಿಸಿ, ಉಳಿದದ್ದನ್ನು ಇದ್ದ ಹಾಗೆ ಬಿಡುವುದೇ ಜಾಣತನ. 'ಒಂದು ಗೀರೂ ಉಳಿಯಬಾರದು' ಎನ್ನುವ ಒಡೆಯರು ತಮ್ಮ ಕಾರಿನ ಆಯುಷ್ಯವನ್ನೇ ಕೊಟ್ಟು ಒಂದು ದಿನದ ಅಂದವನ್ನು ಕೊಳ್ಳುತ್ತಾರೆ.

ಇನ್ನು ಯಂತ್ರದ ವಿಚಾರ. ಪಾಲಿಷ್ ಎಂಬ ಮುಲಾಮಿನಲ್ಲಿ ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳಿರುತ್ತವೆ. ಕುರುಂದದ ಕಲ್ಲೂ ಇದೇ ವಸ್ತು; ಗಡಸುತನದಲ್ಲಿ ವಜ್ರಕ್ಕೆ ಮಾತ್ರ ಎರಡನೆಯದೆಂದು ಮೋಸ್ ಅವರ ಪಟ್ಟಿ ಹೇಳುತ್ತದೆ. ಈ ಕಣಗಳನ್ನು ಫೋಮಿನ ಪ್ಯಾಡು ಹಿಡಿದು ಮೈಯ ಮೇಲೆ ಓಡಿಸುತ್ತದೆ. ಓಡಿಸುವ ಯಂತ್ರಗಳಲ್ಲಿ ಎರಡು ಮುಖ್ಯ ಜಾತಿಗಳುಂಟು. ಒಂದು, ಪ್ಯಾಡು ಒಂದೇ ಅಕ್ಷದ ಸುತ್ತ ತಿರುಗುವ ರೋಟರಿ. ೧೫೦ ಮಿಲಿಮೀಟರ್ ವ್ಯಾಸದ ಪ್ಯಾಡು ನಿಮಿಷಕ್ಕೆ ೧೫೦೦ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಅಂಚಿನ ವೇಗ ಸೆಕೆಂಡಿಗೆ ಸುಮಾರು ೧೧.೮ ಮೀಟರು, ಅಂದರೆ ಗಂಟೆಗೆ ೪೨ ಕಿಲೋಮೀಟರು. ಕೇಂದ್ರದಲ್ಲಿಯೋ, ವೇಗ ಸೊನ್ನೆ. ಒಂದೇ ಪ್ಯಾಡಿನ ಅಂಚು ಬಿರುಸಾಗಿ ಹೆರೆಯುತ್ತದೆ, ನಡುವಣ ಭಾಗ ಸುಮ್ಮನೆ ಕೂತಿರುತ್ತದೆ. ಪ್ಯಾಡು ಸ್ವಲ್ಪ ವಾಲಿದರೂ ಅಂಚಿನ ಕೆಳಗೆ ಕಾವು ಏರುತ್ತದೆ. ಅನುಭವಿಯಾದ ಕೆಲಸಗಾರನ ಕೈಯಲ್ಲಿ ರೋಟರಿ ಅದ್ಭುತವಾದ ಉಪಕರಣ. ಅನನುಭವಿಯ ಕೈಯಲ್ಲಿ ಅದು ತಾನೇ ಹೊಸ ಗೀರುಗಳ ಸಾಲನ್ನು ಬರೆದು ಹೋಗುತ್ತದೆ.

ಎರಡನೆಯದು ಡ್ಯುಯಲ್ ಆಕ್ಷನ್, ಎಂದರೆ ಎರಡು ಚಲನೆಯ ಯಂತ್ರ. ಇದರಲ್ಲಿ ಪ್ಯಾಡಿನ ಕೀಲು ಯಂತ್ರದ ಅಕ್ಷದಿಂದ ಸ್ವಲ್ಪ ಸರಿದಿರುತ್ತದೆ. ಹೀಗಾಗಿ ಇಡೀ ಪ್ಯಾಡು ಸಣ್ಣ ವೃತ್ತವೊಂದರಲ್ಲಿ ಸುತ್ತುತ್ತದೆ. ಜೊತೆಗೆ ತನ್ನ ಕೀಲಿನ ಮೇಲೆ ಸ್ವತಂತ್ರವಾಗಿ ನಿಧಾನವಾಗಿ ಹೊರಳುತ್ತದೆ. ರಾಗಿಯ ಕಲ್ಲನ್ನು ಬೀಸುವಾಗ ಗೂಟ ಹಿಡಿದ ಕೈ ಹೇಗೆ ಸುತ್ತುತ್ತದೆಯೋ ಹಾಗೆ ಪ್ಯಾಡಿನ ಪ್ರತಿಯೊಂದು ಬಿಂದುವೂ ತನ್ನದೇ ಪುಟ್ಟ ವೃತ್ತವನ್ನು ಬರೆಯುತ್ತದೆ. ಆ ವೃತ್ತದ ವ್ಯಾಸ ೧೫ ಮಿಲಿಮೀಟರ್ ಇದ್ದು ನಿಮಿಷಕ್ಕೆ ೪೦೦೦ ಸುತ್ತು ಆದರೆ, ಈ ಚಲನೆಯಿಂದ ಬರುವ ವೇಗ ಸೆಕೆಂಡಿಗೆ ಸುಮಾರು ೩.೧ ಮೀಟರು. ಇದು ರೋಟರಿಯ ಅಂಚಿನ ವೇಗದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆದರೆ ಕೇಂದ್ರದಲ್ಲಿಯೂ ಅಂಚಿನಲ್ಲಿಯೂ ಈ ವೇಗ ಒಂದೇ. ಕೆಲಸ ಸಮನಾಗಿ ಹರಡುತ್ತದೆ, ಕಾವು ಒಂದೆಡೆ ಕೂಡುವುದಿಲ್ಲ, ಗೀರುಗಳು ಒಂದರ ಮೇಲೊಂದು ಬಂದು ಸಾಲು ಮೂಡುವುದು ತಪ್ಪುತ್ತದೆ. ಕಲಿಯುವವರಿಗೆ ಈ ಯಂತ್ರವನ್ನೇ ಕೊಡಬೇಕೆಂದು ನಾನು ಹೇಳುವುದು ಇದಕ್ಕಾಗಿ. ಬೇಗ ಹೆರೆಯುವುದಕ್ಕಿಂತ ಸಮನಾಗಿ ಹೆರೆಯುವುದು ದೊಡ್ಡ ಗುಣ.

ಯಂತ್ರವನ್ನು ಬಲವಾಗಿ ಒತ್ತಿದರೆ ಕೆಲಸ ಬೇಗ ಆಗುತ್ತದೆಂಬ ನಂಬಿಕೆ ಗ್ಯಾರೇಜುಗಳಲ್ಲಿ ಬೇರೂರಿದೆ. ಎರಡು ಚಲನೆಯ ಯಂತ್ರದಲ್ಲಿ ಇದು ತಿರುವುಮುರುವು. ಹೆಚ್ಚು ಒತ್ತಿದರೆ ಘರ್ಷಣೆ ಹೆಚ್ಚಿ ಪ್ಯಾಡಿನ ಹೊರಳಾಟ ನಿಂತುಬಿಡುತ್ತದೆ. ಅದು ಒಂದೆಡೆ ನಿಂತು ನಡುಗುತ್ತದೆ, ಕೆಲಸ ಕುಂಠಿತವಾಗುತ್ತದೆ. ಪ್ಯಾಡು ಕೂರುವ ಬಿಲ್ಲೆಯ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಹಾಕಿಟ್ಟರೆ ಸಾಕು. ಗೆರೆ ತಿರುಗುತ್ತಿರುವುದು ಕಂಡರೆ ಒತ್ತಡ ಸರಿಯಾಗಿದೆ. ಗೆರೆ ನಿಂತರೆ ಕೈ ಹಗುರ ಮಾಡಬೇಕು. ಬಾನೆಟ್ಟಿನ ಏಣು, ಬಾಗಿಲಿನ ಅಂಚು ಮುಂತಾದ ಕಡೆಗಳಲ್ಲಿ ಇನ್ನೊಂದು ಅಪಾಯವಿದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು. ಪ್ಯಾಡು ಸಮತಲದ ಮೇಲೆ ಕೂತಾಗ ಬಲವೆಲ್ಲ ಅಂಗೈಯಗಲದ ಜಾಗಕ್ಕೆ ಹಂಚಿಹೋಗುತ್ತದೆ. ಏಣಿನ ಮೇಲೆ ಅಷ್ಟೇ ಬಲ ಒಂದು ಗೆರೆಯ ಮೇಲೆ ಬೀಳುತ್ತದೆ. ಬಣ್ಣ ಹರಿದುಹೋದ ಕಾರುಗಳಲ್ಲಿ ಮೊದಲು ಹರಿಯುವುದು ಏಣುಗಳೇ. ಅಲ್ಲಿ ಮಾಸ್ಕಿಂಗ್ ಟೇಪು ಅಂಟಿಸಿ, ಕೊನೆಯಲ್ಲಿ ಕೈಯಿಂದ ಒಂದೆರಡು ಸಲ ಸವರುವುದು ಕ್ಷೇಮ. ಪ್ಲಾಸ್ಟಿಕ್ಕಿನ ಬಂಪರು ಉಕ್ಕಿನ ಹಾಗೆ ಕಾವನ್ನು ಹರಿಯಗೊಡುವುದಿಲ್ಲವಾದ್ದರಿಂದ ಅಲ್ಲಿಯೂ ಎಚ್ಚರ ಬೇಕು.

ಕೆಲಸದ ಕ್ರಮ ಹೀಗೆ. ಮೊದಲು ಕಾರನ್ನು ಧಾರಾಳವಾದ ನೀರಿನಿಂದ ತೊಳೆದು, ಅಂಟಿಕೊಂಡ ಡಾಂಬರು, ಕಬ್ಬಿಣದ ಕಣಗಳನ್ನು ಜೇಡಿಯಂತಹ ಕ್ಲೇ ಮುದ್ದೆಯಿಂದ ಎತ್ತಿ ತೆಗೆಯಬೇಕು. ಧೂಳು ಉಳಿದರೆ ಅದೇ ಉಪ್ಪುಕಾಗದವಾಗುತ್ತದೆ. ಬಳಿಕ ದಪ್ಪವನ್ನು ಅಳೆಯಬೇಕು. ಉಕ್ಕಿನ ಮೇಲೆ ಕಾಂತೀಯ ಪ್ರೇರಣೆಯಿಂದಲೂ ಅಲ್ಯುಮಿನಿಯಂ ಮೇಲೆ ಸುಳಿವಿದ್ಯುತ್ತಿನಿಂದಲೂ ಅಳೆಯುವ ಅಂಗೈಯಗಲದ ಮಾಪಕಗಳು ಸಿಗುತ್ತವೆ. ಅವು ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು. ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂದು ಅವು ಬಿಡಿಸಿ ಹೇಳಲಾರವು. ಆದರೂ ಒಂದು ಬಾಗಿಲು ೧೨೦ ತೋರಿಸಿ ಪಕ್ಕದ ಬಾಗಿಲು ೮೦ ತೋರಿಸಿದರೆ, ಅಲ್ಲಿ ಹಿಂದೆ ಯಾರೋ ಹೆಚ್ಚು ಹೆರೆದಿರಬಹುದೆಂದು ಊಹಿಸಿ ಕೈ ತಡೆಯಬಹುದು. ಅಳೆಯದೆ ಹೆರೆಯುವುದು ಕಣಜದಲ್ಲಿ ಎಷ್ಟು ಕಾಳಿದೆಯೆಂದು ನೋಡದೆ ದಾನ ಮಾಡಿದಂತೆ.

ಆಮೇಲೆ ಒಂದು ಮೂಲೆಯಲ್ಲಿ ಪರೀಕ್ಷೆ. ತೀರ ಮೃದುವಾದ ಪ್ಯಾಡು, ತೀರ ನವಿರಾದ ಪಾಲಿಷ್ ಇವುಗಳಿಂದಲೇ ಆರಂಭಿಸಬೇಕು. ಅದರಿಂದ ಸಾಕಷ್ಟು ಹೊಳಪು ಬಂದರೆ ಅಲ್ಲಿಗೇ ನಿಲ್ಲಬೇಕು. ಬಾರದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಿನದಕ್ಕೆ ಏರಬೇಕು. ಪ್ಯಾಡಿನ ಮೇಲೆ ಬಟಾಣಿ ಗಾತ್ರದ ಮೂರು ನಾಲ್ಕು ಹನಿ ಸಾಕು. ನಿಧಾನ ವೇಗದಲ್ಲಿ ಹರಡಿ, ಬಳಿಕ ವೇಗ ಏರಿಸಿ, ಮೊದಲು ಅಡ್ಡಲಾಗಿ, ಆಮೇಲೆ ಉದ್ದಕ್ಕೆ, ಒಂದು ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ಯಂತ್ರವನ್ನು ನಡೆಸಬೇಕು. ಹೊಲದಲ್ಲಿ ನೇಗಿಲು ಸಾಲು ತಪ್ಪದೆ ಹೋಗುವಂತೆ ಇಲ್ಲಿಯೂ ಸಾಲು ತಪ್ಪಬಾರದು.

ಇದಕ್ಕೆ ಎಷ್ಟು ಹೊತ್ತು ಬೇಕು? ೪೫ ಸೆಂಟಿಮೀಟರಿನ ಚೌಕವೊಂದನ್ನು ತೆಗೆದುಕೊಳ್ಳಿ. ೧೫ ಸೆಂಟಿಮೀಟರ್ ಪ್ಯಾಡು ಪ್ರತಿ ಸಾಲಿಗೂ ಏಳೂವರೆ ಸೆಂಟಿಮೀಟರ್ ಸರಿದರೆ ಆರು ಸಾಲುಗಳಾಗುತ್ತವೆ. ಒಟ್ಟು ದೂರ ೨೭೦ ಸೆಂಟಿಮೀಟರು. ಸೆಕೆಂಡಿಗೆ ಮೂರು ಸೆಂಟಿಮೀಟರಿನಂತೆ ಸಾಗಿದರೆ ೯೦ ಸೆಕೆಂಡು. ನಾಲ್ಕು ಬಾರಿ ಹೋಗಿಬಂದರೆ ಆರು ನಿಮಿಷ. ೧೦ ಚದರ ಮೀಟರಿನ ಮೈಯಲ್ಲಿ ಇಂತಹ ಚೌಕಗಳು ಸುಮಾರು ೫೦. ಒಟ್ಟು ೩೦೦ ನಿಮಿಷ, ಅಂದರೆ ಐದು ಗಂಟೆ. ತೊಳೆಯುವುದು, ಒರೆಸುವುದು, ಪರೀಕ್ಷಿಸುವುದು ಇದಕ್ಕೆ ಹೊರತು. ಇಡೀ ಕಾರಿನ ಗೀರುಗಳನ್ನೆಲ್ಲ ಒಂದೇ ಗಂಟೆಯಲ್ಲಿ ತೆಗೆದುಕೊಡುತ್ತೇವೆಂದು ಹೇಳುವವರನ್ನು ಈ ಲೆಕ್ಕದಿಂದ ಪರೀಕ್ಷಿಸಬಹುದು. ಅವರು ಒರಟು ಪುಡಿಯಿಂದ ಹೆಚ್ಚು ಹೆರೆಯುತ್ತಿರಬೇಕು, ಇಲ್ಲವೇ ಎಣ್ಣೆಯಿಂದ ಗೀರುಗಳನ್ನು ಮುಚ್ಚುತ್ತಿರಬೇಕು.

ಎಣ್ಣೆಯ ಮಾತು ಬಂದುದರಿಂದ ಅದನ್ನೂ ವಿವರಿಸುತ್ತೇನೆ. ಅನೇಕ ಪಾಲಿಷುಗಳಲ್ಲಿ ಜಾರುವಿಕೆಗಾಗಿ ಎಣ್ಣೆ ಬೆರೆತಿರುತ್ತದೆ. ಅದು ಗೀರಿನ ಹಳ್ಳದಲ್ಲಿ ನಿಂತು ಬೆಳಕು ಚೆದರುವುದನ್ನು ತಡೆಯುತ್ತದೆ. ಕಾರು ಹೊಸದರಂತೆ ಕಾಣುತ್ತದೆ. ಎರಡು ಬಾರಿ ಸೋಪುನೀರಿನಿಂದ ತೊಳೆದ ಮೇಲೆ ಎಣ್ಣೆ ಹೋಗಿ ಹಳೆಯ ಗೀರುಗಳು ಮರಳುತ್ತವೆ. ಆದುದರಿಂದ ಪ್ರತಿ ಚೌಕವನ್ನೂ ಐಸೋಪ್ರೊಪೈಲ್ ಆಲ್ಕೊಹಾಲು ಬೆರೆಸಿದ ನೀರಿನಿಂದ ಒರೆಸಿ, ದೀಪವನ್ನು ಬೇರೆ ಬೇರೆ ಕೋನಗಳಲ್ಲಿ ಹಿಡಿದು ನೋಡಬೇಕು. ಮೇಲ್ಮೈಗೆ ಸಮೀಪದ ಓರೆ ನೋಟಕ್ಕೆ ಒರಟಾದ ಮೈಯೂ ಹೊಳೆಯುತ್ತದೆಂಬುದನ್ನು ಮರೆಯಬಾರದು.

ಹೆರೆಯುವ ಕೆಲಸ ಮುಗಿದ ಬಳಿಕ ಬರುವುದು ಸೀಲೆಂಟ್. 'ಹಚ್ಚು' ಎಂಬ ಮಾತು ಇದಕ್ಕೆ ಸಲ್ಲುತ್ತದೆ. ಹಿಂದೆ ಇದರ ಜಾಗದಲ್ಲಿ ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಯಿಂದ ಬರುವ ಕಾರ್ನೌಬಾ ಮೇಣವನ್ನು ಬಳಸುತ್ತಿದ್ದರು, ಈಗಲೂ ಬಳಸುವವರಿದ್ದಾರೆ. ಸೀಲೆಂಟ್ ಎಂಬುದು ಕೃತಕ ಪಾಲಿಮರುಗಳಿಂದಾದುದು. ಮೇಣಕ್ಕಿಂತ ಹೆಚ್ಚು ಕಾಲ, ಸಾಮಾನ್ಯವಾಗಿ ಕೆಲವು ತಿಂಗಳು, ಬಾಳುತ್ತದೆ. ನೀರು ಮುತ್ತಿನಂತೆ ಉರುಳಿಹೋಗುವುದು, ಕೊಳೆ ಬಿಗಿಯಾಗಿ ಅಂಟದಿರುವುದು ಇದರ ಫಲ. ಇದನ್ನು ಹಚ್ಚುವ ಯಂತ್ರವೂ ಅದೇ, ಆದರೆ ರೀತಿ ಬೇರೆ: ತೀರ ಮೃದುವಾದ ಪ್ಯಾಡು, ಕಡಮೆ ವೇಗ, ಒತ್ತಡವಿಲ್ಲದ ಕೈ.

ಇಲ್ಲಿಯೂ ಹೆಚ್ಚು ಬಳಿದರೆ ಹೆಚ್ಚು ರಕ್ಷಣೆ ಎಂಬ ಭ್ರಮೆ ಉಂಟು. ಮತ್ತೆ ಲೆಕ್ಕಕ್ಕೆ ಬರೋಣ. ೧೦ ಚದರ ಮೀಟರಿನ ಮೇಲೆ ಒಂದು ಮೈಕ್ರಾನ್ ದಪ್ಪದ ಪದರಕ್ಕೆ ಬೇಕಾದುದು ೧೦ ಘನ ಸೆಂಟಿಮೀಟರು, ಅಂದರೆ ಎರಡು ಟೀ ಚಮಚ. ಒರೆಸಿದ ಬಳಿಕ ಮೈಗೆ ಹತ್ತಿ ಉಳಿಯುವುದು ಇದಕ್ಕಿಂತಲೂ ತೆಳುವಾದ ಪದರ. ಮೇಲೆ ದಪ್ಪವಾಗಿ ಕೂತದ್ದೆಲ್ಲ ಒರೆಸುವ ಬಟ್ಟೆಯ ಪಾಲು. ಕೈಯಿಂದ ಬಳಿದರೆ ಒಂದೆಡೆ ಮುದ್ದೆ, ಇನ್ನೊಂದೆಡೆ ಬರಿದು ಆಗುವುದುಂಟು. ಯಂತ್ರ ಎರಡು ಚಮಚವನ್ನು ಇಡೀ ಕಾರಿಗೆ ಸಮನಾಗಿ ಹಂಚಬಲ್ಲದು. ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ ನಡೆಸಿದರೆ ಸುಮಾರು ೨೨ ನಿಮಿಷಗಳಲ್ಲಿ ಕಾರೆಲ್ಲ ಮುಗಿಯುತ್ತದೆ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳು ಇಂತಹ ಮಿತವ್ಯಯವನ್ನು ಬಹುಕಾಲದಿಂದ ಬಲ್ಲರು. ಅವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಕಾವಿನಿಂದಲೇ ಅದನ್ನು ಮೆತ್ತಗಾಗಿಸಿ, ತೆಳ್ಳಗೆ ಹರಡುತ್ತಾರೆ. ಅಲ್ಲಿ ಕಾವು ಮಿತ್ರ, ಕಾರಿನ ಮೈಯಲ್ಲಿ ಅದು ಶತ್ರು; ಆದರೆ ತಿರುಗುವ ವಸ್ತುವಿನಿಂದ ತೆಳುವಾದ ಸಮಪದರವನ್ನು ಪಡೆಯುವ ಉಪಾಯ ಎರಡರಲ್ಲಿಯೂ ಒಂದೇ.

ಯಂತ್ರವೇ ಬೇಡ, ಕೈಯೇ ಕ್ಷೇಮ ಎನ್ನುವವರಿದ್ದಾರೆ. ಅವರ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಕೈಯೂ ನಿರ್ದೋಷಿಯಲ್ಲ. ಐದು ಬೆರಳುಗಳು ಐದು ಬಗೆಯ ಒತ್ತಡ ಕೊಡುತ್ತವೆ. ಹತ್ತು ನಿಮಿಷದಲ್ಲಿ ತೋಳು ದಣಿದು ವೇಗ ಬದಲಾಗುತ್ತದೆ. ಯಂತ್ರದ ಕೆಡುಕೆಲ್ಲ ಅಳತೆಯಿಲ್ಲದ ಬಳಕೆಯಿಂದ ಬಂದದ್ದು. ಇನ್ನು ಕೆಲವರು ಸೆರಾಮಿಕ್ ಲೇಪ ಬಂದ ಮೇಲೆ ಈ ಚಿಂತೆಯೇ ಇಲ್ಲವೆನ್ನುತ್ತಾರೆ. ಆ ಲೇಪ ಸೀಲೆಂಟಿಗಿಂತ ಗಟ್ಟಿ, ಹೆಚ್ಚು ಕಾಲ ಬಾಳುವಂಥದು ಎಂಬುದು ನಿಜ. ಆದರೆ ಅದೂ ಗೀರುಬೀಳುತ್ತದೆ. ಅದನ್ನು ಬಳಿಯುವ ಮುಂಚೆ ಪಾಲಿಷ್ ಮಾಡುವ ವಾಡಿಕೆಯೂ ಇದೆ.

ನಿಜವಾದ ಮಿತವ್ಯಯ ಯಂತ್ರ ಹಿಡಿಯುವುದಕ್ಕಿಂತ ಬಹಳ ಮೊದಲೇ ಆರಂಭವಾಗಬೇಕು. ನಮ್ಮ ನಗರಗಳಲ್ಲಿ ಬೆಳಗ್ಗೆ ಎದ್ದು ಕಾರಿನ ಧೂಳನ್ನು ಒಣಬಟ್ಟೆಯಿಂದಲೋ, ಒಂದೇ ಬಕೆಟ್ಟಿನ ಕೊಳೆನೀರಿನಲ್ಲಿ ಅದ್ದಿದ ಬಟ್ಟೆಯಿಂದಲೋ ಒರೆಸುವ ರೂಢಿಯಿದೆ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಅದರ ಗಡಸುತನ ಗಾಜಿಗಿಂತ ಹೆಚ್ಚು, ಕಾರಿನ ರಾಳದ ಪದರಕ್ಕಿಂತಲಂತೂ ಬಹಳ ಹೆಚ್ಚು. ಶುಚಿ ಮಾಡುತ್ತಿದ್ದೇವೆಂಬ ತೃಪ್ತಿಯಿಂದ ನಾವು ಪ್ರತಿದಿನ ನೂರಾರು ಗೀರುಗಳನ್ನು ಬರೆಯುತ್ತೇವೆ. ವರ್ಷಕ್ಕೊಮ್ಮೆ ಅವುಗಳನ್ನು ತೆಗೆಯಲು ಮೂರು ಮೈಕ್ರಾನ್ ಹೆರೆಯಿಸಿದೆವೆಂದಿಟ್ಟುಕೊಳ್ಳಿ. ಹತ್ತು ವರ್ಷಕ್ಕೆ ೪೦ರಲ್ಲಿ ೩೦ ಹೋಯಿತು. ಅಷ್ಟರಲ್ಲಿಯೇ ಪದರ ಸುಲಿಯತೊಡಗಿದರೆ ಆಶ್ಚರ್ಯವಿಲ್ಲ. ಮೊದಲು ನೀರು ಹರಿಸಿ ಧೂಳನ್ನು ಇಳಿಸಿ, ಶುದ್ಧವಾದ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ತೊಳೆದು, ಆಗಾಗ ಸೀಲೆಂಟ್ ಹಚ್ಚುತ್ತಿದ್ದರೆ ಪಾಲಿಷಿನ ಅಗತ್ಯ ವರ್ಷಗಟ್ಟಲೆ ಮುಂದೆ ಹೋಗುತ್ತದೆ.

ಈ ಕಸುಬಿನ ಕೆಲಸಗಾರರ ವಿಷಯವನ್ನೂ ಹೇಳಬೇಕು. ಐದು ಗಂಟೆ ನಡುಗುವ ಯಂತ್ರವನ್ನು ಹಿಡಿದ ಕೈ ಜೋಮು ಹಿಡಿಯುತ್ತದೆ. ಒಣಗಿದ ಪಾಲಿಷಿನ ಪುಡಿ ಮೂಗಿಗೆ ಹೋಗುತ್ತದೆ. ಮುಖಕ್ಕೆ ಮಾಸ್ಕು, ಕಣ್ಣಿಗೆ ಕನ್ನಡಕ, ನಡುನಡುವೆ ವಿರಾಮ ಇವು ದಾಕ್ಷಿಣ್ಯದ ಮಾತುಗಳಲ್ಲ, ಕೆಲಸದ ಭಾಗ. ಅನೇಕ ಯುವಕರು ಹಿರಿಯ ಕೆಲಸಗಾರನನ್ನು ನೋಡಿಯೇ ಈ ಕಸುಬನ್ನು ಕಲಿಯುತ್ತಾರೆ. ಕೈಯ ಹದ ಹಾಗೆಯೇ ಬರಬೇಕು, ಒಪ್ಪತಕ್ಕ ಮಾತು. ಆದರೆ ಮೈಕ್ರಾನ್ ಎಂದರೇನು, ಒತ್ತಡ ಏಣಿನ ಮೇಲೆ ಏಕೆ ಹೆಚ್ಚುತ್ತದೆ, ಪ್ಯಾಡಿನ ಹೊರಳಾಟ ಏಕೆ ನಿಲ್ಲುತ್ತದೆ ಎಂಬುದನ್ನು ತಿಳಿಸಿಕೊಡಲು ಒಂದು ವಾರದ ಪಾಠ ಸಾಕು. ವಾಹನಗಳ ಬಣ್ಣಗಾರಿಕೆಯನ್ನು ಕಲಿಸುವ ಸಂಸ್ಥೆಗಳಲ್ಲಿ ಯಂತ್ರದ ಜೊತೆಗೆ ಮಾಪಕವನ್ನೂ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೆ ಕೊಡಬೇಕು. ಗ್ಯಾರೇಜಿನವರು ಬಿಲ್ಲಿನೊಡನೆ ಪಾಲಿಷಿಗೆ ಮೊದಲಿನ ಮತ್ತು ಆಮೇಲಿನ ದಪ್ಪವನ್ನು ಬರೆದುಕೊಡಬೇಕು. ವೈದ್ಯರು ರಕ್ತದೊತ್ತಡವನ್ನು ಚೀಟಿಯಲ್ಲಿ ಬರೆಯುವಂತೆ ಇದೂ ರೂಢಿಯಾದರೆ, ಕಡಮೆ ಹೆರೆದು ಹೆಚ್ಚು ಹೊಳಪು ತಂದ ಕೆಲಸಗಾರನ ನೈಪುಣ್ಯ ಅಂಕೆಗಳಲ್ಲಿ ಕಾಣುತ್ತದೆ. ಅದಕ್ಕೆ ತಕ್ಕ ಕೂಲಿಯನ್ನು ಅವನು ಕೇಳಬಹುದು. ಹೊಳಪು ಮಾತ್ರ ಕಾಣುವ ತನಕ, ಬೇಗ ಹೆರೆಯುವವನಿಗೇ ಮೆಚ್ಚುಗೆ, ಬೇಗ ಹೆರೆಯುವವನಿಗೇ ಗಿರಾಕಿ.

ಮನೆಯಲ್ಲಿ ಕಾರಿರುವ ವಿದ್ಯಾರ್ಥಿಗಳು ಮುಂದಿನ ಸಲ ಪಾಲಿಷಿನ ಮಾತು ಬಂದಾಗ ಹಿರಿಯರಿಗೆ ಮೂರು ಪ್ರಶ್ನೆಗಳನ್ನು ನೆನಪು ಮಾಡಿಕೊಡಲಿ: ದಪ್ಪ ಅಳೆದಿರಾ? ತೀರ ನವಿರಾದುದರಿಂದ ಆರಂಭಿಸಿದಿರಾ? ಈ ಗೀರನ್ನು ತೆಗೆಯಲೇಬೇಕೆ? ಮೂರನೆಯದಕ್ಕೆ 'ಬೇಡ' ಎಂಬ ಉತ್ತರ ಬಂದರೆ ಯಂತ್ರ ಪೆಟ್ಟಿಗೆಯಲ್ಲಿಯೇ ಇರಲಿ. ಎರಡು ಚಮಚ ಸೀಲೆಂಟ್ ಸಾಕು.